ಒಹ್ತಾನಿಗೆ 70 ಕೋಟಿ, ಸೋಟೊಗೆ 76.5 ಕೋಟಿ: ಈ ಹೆಡ್‌ಲೈನ್ ಲೆಕ್ಕವನ್ನು ಯಾಕೆ ನಂಬಬೇಕು?

ಕ್ವೀನ್ಸ್ ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ಇಲ್ಲಿ ಬೇಸ್‌ಬಾಲ್ ನೋಡುವವರು ಒಂದಷ್ಟು ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

2024ರ ಡಿಸೆಂಬರ್‌ನಲ್ಲಿ ಬ್ಯಾಟರ್ ಹುವಾನ್ ಸೋಟೊ ನಮ್ಮ ನ್ಯೂಯಾರ್ಕ್ ಮೆಟ್ಸ್ ತಂಡಕ್ಕೆ ಬಂದಾಗ ಎಲ್ಲಿ ನೋಡಿದರೂ ಒಂದೇ ಮಾತು. ಅತಿ ದೊಡ್ಡ ಒಪ್ಪಂದ ಅನ್ನುವ ಶೋಹೆ ಒಹ್ತಾನಿಯ ದಾಖಲೆ ಆರೂವರೆ ಕೋಟಿ ಡಾಲರ್‌ನಿಂದ ಮುರಿಯಿತಂತೆ. ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ತಂಡ ಒಹ್ತಾನಿಗೆ ಕೊಟ್ಟದ್ದು 10 ವರ್ಷಕ್ಕೆ 70 ಕೋಟಿ. ಸೋಟೊಗೆ 15 ವರ್ಷಕ್ಕೆ 76.5 ಕೋಟಿ. ಒಂದರಲ್ಲಿ ಒಂದನ್ನು ಕಳೆದರು, ಹೆಡ್‌ಲೈನ್ ಮಾಡಿದರು, ಮುಗಿಯಿತು.

ಆದರೆ ಒಹ್ತಾನಿಯ 70ರಲ್ಲಿ 68 ಕೋಟಿ ಅವನ ಕೈಗೆ ಬರುವುದು 2034ರಿಂದ 2043ರವರೆಗೆ. ಅದಕ್ಕೆ ಒಂದು ಪೈಸೆ ಬಡ್ಡಿ ಇಲ್ಲ. ಈಗ ಆಡುತ್ತಿರುವಾಗ ಅವನಿಗೆ ಸಿಗುವುದು ವರ್ಷಕ್ಕೆ 20 ಲಕ್ಷ ಡಾಲರ್ ಮಾತ್ರ. ಸೋಟೊ ಒಪ್ಪಂದದಲ್ಲಿ ಮುಂದೂಡಿದ ಹಣ ಒಂದು ಡಾಲರ್ ಕೂಡ ಇಲ್ಲ. ಅದರ ಒಳಗೇ 7.5 ಕೋಟಿ ಸಹಿ ಹಾಕಿದ್ದಕ್ಕೆ ಬೋನಸ್. ಇವೆರಡನ್ನೂ ಪಕ್ಕಪಕ್ಕ ಇಟ್ಟು ಕಳೆಯುವುದರಲ್ಲಿ ಏನು ಅರ್ಥ ಇದೆ?

ಇಷ್ಟು ವರ್ಷ ಇದನ್ನೇ ಬರೆಯುತ್ತಿರುವವರಿಗೆ ಇದು ಗೊತ್ತಿಲ್ಲ ಅಂತ ನನಗನ್ನಿಸುವುದಿಲ್ಲ. ಗೊತ್ತಿದ್ದೂ ಹೀಗೆ ಬರೆಯುತ್ತಾರೆ. ಯಾಕೆ?

ಲೆಕ್ಕದ ಮೇಷ್ಟ್ರು:
ಚೀಟಿ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 5 ಲಕ್ಷದ ಚೀಟಿಯನ್ನು ಮೊದಲ ತಿಂಗಳೇ ಕೂಗಿದವನು ಪೂರ್ತಿ 5 ಲಕ್ಷ ಎಣಿಸಿಕೊಳ್ಳುವುದಿಲ್ಲ. ಕೊನೆಯವರೆಗೆ ಕಾದವನಿಗೇ ಪೂರ್ತಿ ಹಣ. ಒಹ್ತಾನಿ ಕೊನೆಯವರೆಗೆ ಕಾಯಲು ಒಪ್ಪಿದವನು.

ಈಗ ಲೆಕ್ಕಕ್ಕೆ ಬರೋಣ. ಲೀಗ್ ತಾನೇ ಈ ಒಪ್ಪಂದಕ್ಕೆ 4.43% ಬಡ್ಡಿ ದರ ಹಿಡಿದಿದೆ. ಆ ದರದಲ್ಲಿ ಹತ್ತು ವರ್ಷ ಬಿಟ್ಟು ಬರುವ 6.8 ಕೋಟಿಯ ಇವತ್ತಿನ ಬೆಲೆ ಸುಮಾರು 4.4 ಕೋಟಿ. ಅದಕ್ಕೆ ಈಗ ಕೊಡುವ 20 ಲಕ್ಷ ಸೇರಿಸಿ. ವರ್ಷಕ್ಕೆ 4.6 ಕೋಟಿ, ಹತ್ತು ವರ್ಷಕ್ಕೆ 46 ಕೋಟಿ. ಆಟಗಾರರ ಯೂನಿಯನ್ ಬೇರೆ ದರ ಹಿಡಿದು ಇನ್ನೂ ಕಡಿಮೆ ತೋರಿಸಿತು, ವರ್ಷಕ್ಕೆ 4.38 ಕೋಟಿಯ ಹತ್ತಿರ.

ಈಗ ಸೋಟೊ. 76.5ರಲ್ಲಿ ಬೋನಸ್ 7.5 ತೆಗೆಯಿರಿ. ಉಳಿದದ್ದು 69. ಹದಿನೈದರಿಂದ ಭಾಗಿಸಿದರೆ ವರ್ಷಕ್ಕೆ ಸರಾಸರಿ 4.6 ಕೋಟಿ. ಗಮನಿಸಿದಿರಾ? ವರ್ಷದ ಲೆಕ್ಕದಲ್ಲಿ ಇಬ್ಬರೂ ಹೆಚ್ಚುಕಡಿಮೆ ಒಂದೇ. ಸೋಟೊಗೆ ಅದೇ ಸಂಬಳ ಇನ್ನೂ ಐದು ವರ್ಷ ಜಾಸ್ತಿ, ಮೇಲೆ ಬೋನಸ್.

ಎರಡನ್ನೂ ಅದೇ 4.43% ದರದಲ್ಲಿ ಸಹಿ ಹಾಕಿದ ದಿನಕ್ಕೆ ಇಳಿಸಿ ನೋಡಿದೆ. ಒಹ್ತಾನಿಯದು 36-37 ಕೋಟಿ, ಸೋಟೊದು 57 ಕೋಟಿಯ ಆಸುಪಾಸು. ಅಂತರ ಆರೂವರೆ ಅಲ್ಲ, 20 ಕೋಟಿ.

ಡಾಡ್ಜರ್ ನೀಲಿ:
ಮೇಷ್ಟ್ರೇ, ನಿಮ್ಮ ಲೆಕ್ಕವನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಬೇಕು.

ಇದರ ಜೊತೆಗೇ ಇನ್ನೊಂದು ಸುಳ್ಳು ಓಡುತ್ತಿದೆ. ಡಾಡ್ಜರ್ಸ್ ವರ್ಷಕ್ಕೆ 20 ಲಕ್ಷ ಕೊಟ್ಟು ಲಕ್ಷುರಿ ಟ್ಯಾಕ್ಸ್ ತಪ್ಪಿಸಿಕೊಂಡರು, ಮೋಸ ಮಾಡಿದರು ಅಂತ. ಟ್ಯಾಕ್ಸ್ ಲೆಕ್ಕಕ್ಕೆ ಹಿಡಿಯುವುದು ಆ 4.6 ಕೋಟಿಯನ್ನೇ, 20 ಲಕ್ಷವನ್ನಲ್ಲ. ಸಹಿಯಾದ ದಿನ ಅದು ಬೇಸ್‌ಬಾಲ್ ಇತಿಹಾಸದಲ್ಲೇ ಅತಿ ದೊಡ್ಡ ವಾರ್ಷಿಕ ಮೊತ್ತ. ಅದಕ್ಕೂ ಮೊದಲು ಪಿಚ್ಚರ್‌ಗಳಾದ (ಚೆಂಡು ಎಸೆಯುವವರು) ಶರ್ಜರ್ ಮತ್ತು ವರ್ಲ್ಯಾಂಡರ್ ಇಬ್ಬರ ತಲಾ 4.33 ಕೋಟಿ ಮೇಲಿತ್ತು. ಮುಂದೂಡಿದ ಹಣವನ್ನು 2034ಕ್ಕೆ ಎಲ್ಲಿಂದಲೋ ಹುಡುಕಿ ತರುವುದೂ ಅಲ್ಲ. ಆಯಾ ಸೀಸನ್ನಿನ ಬಾಬ್ತನ್ನು ಸುಮಾರು ಎರಡು ವರ್ಷದ ಒಳಗೆ ತೆಗೆದಿಡಲೇಬೇಕು. ಇದು ಒಪ್ಪಂದದ ನಿಯಮ.

ಮೈಸೂರ್ ಪಾಕ್:
ನಾನು ಈ ಆಟಕ್ಕೆ ಹೊಸಬ. ಲಕ್ಷುರಿ ಟ್ಯಾಕ್ಸ್ ಅಂದರೆ ಸರ್ಕಾರಕ್ಕೆ ಕಟ್ಟುವುದಾ?

ಡಾಡ್ಜರ್ ನೀಲಿ:
ಇಲ್ಲ ಸರ್, ಲೀಗ್‌ಗೆ. ತಂಡದ ಒಟ್ಟು ಸಂಬಳ ಒಂದು ಗೆರೆ ದಾಟಿದರೆ ದಂಡ. 2025ರಲ್ಲಿ ಆ ಗೆರೆ 24.1 ಕೋಟಿ ಡಾಲರ್. ವರ್ಷ ವರ್ಷ ದಾಟುತ್ತಾ ಹೋದರೆ ದರವೂ ಏರುತ್ತದೆ. ಡಾಡ್ಜರ್ಸ್ 2024ರಲ್ಲಿ ಕಟ್ಟಿದ್ದು 10.3 ಕೋಟಿ.

ಎಡಗೈ ಸ್ಪಿನ್:
ಇದನ್ನೂ ಯಾರೂ ಹೇಳುವುದಿಲ್ಲ ನೋಡಿ. ಮೂರು ವರ್ಷ ಸತತವಾಗಿ ಗೆರೆ ದಾಟಿ, ಮೇಲಿನ ಹಂತದಲ್ಲಿರುವ ತಂಡಕ್ಕೆ ದರ 110%. ಅಂದರೆ ಆ ಹಂತದಲ್ಲಿ ಒಬ್ಬನಿಗೆ 2 ಕೋಟಿ ಕೊಟ್ಟರೆ ತಂಡದ ಜೇಬಿನಿಂದ ಹೋಗುವುದು 4.2 ಕೋಟಿ. ಅದೇ ಆಟಗಾರ ಗೆರೆಯ ಕೆಳಗಿರುವ ತಂಡಕ್ಕೆ ಹೋದರೆ ಖರ್ಚು 2 ಕೋಟಿ ಮಾತ್ರ. ಒಪ್ಪಂದ ಒಂದೇ, ಬೆಲೆ ಎರಡು. ಟಿವಿಯಲ್ಲಿ ಕೂತು "ಈ ಡೀಲ್‌ಗೆ ಎ ಪ್ಲಸ್, ಆ ಡೀಲ್‌ಗೆ ಸಿ" ಅಂತ ಮಾರ್ಕ್ಸ್ ಕೊಡುವವರು ಯಾವ ತಂಡದ ಕಣ್ಣಿನಿಂದ ನೋಡುತ್ತಾರೆ ಅಂತಲೇ ಹೇಳುವುದಿಲ್ಲ.

ಪೇಪರ್ ಮನುಷ್ಯ:
ಸ್ವಲ್ಪ ನಮ್ಮ ಕಡೆಯ ಮಾತನ್ನೂ ಕೇಳಿ. ನಾನು ಬೆಂಗಳೂರಿನಲ್ಲಿ ವರ್ಷಗಟ್ಟಲೆ ಕ್ರೀಡಾ ಡೆಸ್ಕ್‌ನಲ್ಲಿ ಕೆಲಸ ಮಾಡಿದವನು. ಪುಟ ಮುಗಿಸುವ ಹೊತ್ತಿಗೆ ಏಜೆನ್ಸಿಯಿಂದ ಎರಡು ಸಾಲು ಬರುತ್ತದೆ. ಹೆಸರು, ಎಷ್ಟು ವರ್ಷ, ಎಷ್ಟು ಹಣ. ಅಷ್ಟರಲ್ಲಿ ಸುದ್ದಿ ಮಾಡಬೇಕು. ಒಹ್ತಾನಿ 2023ರ ಡಿಸೆಂಬರ್ 9ರಂದು ತಾನೇ ಇನ್‌ಸ್ಟಾಗ್ರಾಂನಲ್ಲಿ ಹೇಳಿಕೊಂಡ. ಹಣದಲ್ಲಿ ತುಂಬಾ ಭಾಗ ಮುಂದೂಡಿದ್ದಾರೆ ಅನ್ನುವ ಸುಳಿವು ಅವತ್ತೇ ಇತ್ತು. ಆದರೆ 68 ಕೋಟಿ ಅನ್ನುವ ಅಂಕಿ ಹೊರಗೆ ಬಂದದ್ದು ಎರಡು ದಿನ ಬಿಟ್ಟು. ಅಷ್ಟರಲ್ಲಿ 70 ಕೋಟಿ ಇಡೀ ಲೋಕಕ್ಕೆ ಬಾಯಿಪಾಠ ಆಗಿತ್ತು.

ಮೊದಲ ಅಂಕಿಯನ್ನು ಕೊಡುವವರು ಯಾರು ಅಂತಲೂ ಯೋಚಿಸಿ. ಹೆಚ್ಚಿನ ಸಲ ಏಜೆಂಟ್ ಕಡೆಯವರು. ಅವರಿಗೆ ದೊಡ್ಡ ಮೊತ್ತ ಕಾಣಬೇಕು, ಮುಂದಿನ ಗಿರಾಕಿ ಹಿಡಿಯಬೇಕಲ್ಲ. ತಂಡದವರಿಗೂ ದೊಡ್ಡ ಮೊತ್ತ ಬೇಕು, ಅಭಿಮಾನಿಗಳು ಖುಷಿಯಾಗುತ್ತಾರೆ. ಸಣ್ಣ ಅಂಕಿ ಹೇಳುವುದರಿಂದ ಯಾರಿಗೂ ಲಾಭ ಇಲ್ಲ.

ಕ್ವೀನ್ಸ್ ಕನ್ನಡಿಗ:
ಸರ್, ಮೊದಲ ದಿನದ್ದು ಒಪ್ಪುತ್ತೇನೆ. ಆದರೆ ಸೋಟೊ ಸಹಿ ಹಾಕಿದ್ದು ಒಂದು ವರ್ಷ ಆದ ಮೇಲೆ. ಒಹ್ತಾನಿ ಒಪ್ಪಂದದ ಒಂದೊಂದು ಸಾಲೂ ಅಷ್ಟರಲ್ಲಿ ಎಲ್ಲರ ಮುಂದಿತ್ತು. ಆಗಲೂ 76.5ರಲ್ಲಿ 70 ಕಳೆದದ್ದಕ್ಕೆ ಪುಟ ಮುಗಿಸುವ ಅವಸರ ಕಾರಣ ಆಗುವುದಿಲ್ಲ.

ಪೇಪರ್ ಮನುಷ್ಯ:
ಅದಕ್ಕೆ ನನ್ನ ಹತ್ತಿರವೂ ಉತ್ತರ ಇಲ್ಲ. "ದಾಖಲೆ ಮುರಿಯಿತು" ಅಂತ ಬರೆಯುವ ಅವಕಾಶವನ್ನು ಯಾವ ಡೆಸ್ಕ್ ಬಿಡುತ್ತದೆ ಹೇಳಿ.

ಬೇ ಏರಿಯಾ ಭಟ್ಟ:
ಅವಸರದ ಮಾತು ಬಂತಲ್ಲ, ಕೊರಿಯಾ ಕಥೆ ನೆನಪಿದೆಯಾ? 2022ರ ಡಿಸೆಂಬರ್. ಆಟಗಾರ ಕಾರ್ಲೋಸ್ ಕೊರಿಯಾ ನಮ್ಮ ಜೈಂಟ್ಸ್ ತಂಡಕ್ಕೆ, 13 ವರ್ಷ, 35 ಕೋಟಿ. ಎಲ್ಲ ಕಡೆ "ಸಹಿ ಹಾಕಿದ" ಅಂತಲೇ ಸುದ್ದಿ. ಇಲ್ಲಿ ಆಫೀಸಿನಲ್ಲಿ ಊಟದ ಹೊತ್ತಿನಲ್ಲಿ ನಾವೆಲ್ಲ ಅದೇ ಮಾತು. ಆಮೇಲೆ ವೈದ್ಯಕೀಯ ತಪಾಸಣೆಯಲ್ಲಿ ಹಳೇ ಕಾಲಿನ ಗಾಯದ ಪ್ರಶ್ನೆ ಬಂತು, ನಿಂತು ಹೋಯಿತು. ರಾತ್ರೋರಾತ್ರಿ ಮೆಟ್ಸ್ ಜೊತೆ 12 ವರ್ಷ, 31.5 ಕೋಟಿ. ಅಲ್ಲೂ ತಪಾಸಣೆಯಲ್ಲಿ ನಿಂತಿತು. ಕೊನೆಗೆ 2023ರ ಜನವರಿಯಲ್ಲಿ ಮಿನೆಸೋಟ ಟ್ವಿನ್ಸ್‌ಗೆ 6 ವರ್ಷ, 20 ಕೋಟಿ.

35 ಎಲ್ಲಿ, 20 ಎಲ್ಲಿ? ಮೊದಲ ಎರಡು ಅಂಕಿಗಳ ಮೇಲೆ ಎಷ್ಟು ಗಂಟೆ ಚರ್ಚೆ ನಡೆಯಿತು! ತಪಾಸಣೆ ಮುಗಿಯುವವರೆಗೆ ಅವು ಒಪ್ಪಂದಗಳೇ ಆಗಿರಲಿಲ್ಲ.

ಜೆರ್ಸಿ ಗೌಡ್ತಿ:
ಮೆಟ್ಸ್‌ನ ಹಳೇ ಆಟಗಾರ ಬಾಬಿ ಬೊನಿಯಾ ವಿಷಯ ಇನ್ನೂ ಯಾರೂ ಎತ್ತಿಲ್ಲ ಅಂತ ಆಶ್ಚರ್ಯ. ಪ್ರತಿ ವರ್ಷ ಜುಲೈ 1 ಬಂದರೆ ಸಾಕು, ಎಲ್ಲ ಚಾನೆಲ್‌ಗಳೂ ಮೆಟ್ಸನ್ನು ಆಡಿಕೊಂಡು ನಗುತ್ತವೆ. ಆಟ ಬಿಟ್ಟು ಇಷ್ಟು ವರ್ಷ ಆದವನಿಗೆ ಇನ್ನೂ 11.93 ಲಕ್ಷ ಡಾಲರ್ ಕೊಡುತ್ತಿದ್ದಾರೆ, ಮೂರ್ಖರು ಅಂತ. ನನ್ನ ಮಗ ಲಿಟಲ್ ಲೀಗ್ ಆಡುತ್ತಾನೆ, ಅವನ ಟೀಮಿನ ಮಕ್ಕಳಿಗೂ ಇದು ಗೊತ್ತು.

ಆದರೆ ನಿಜವಾಗಿ ಆದದ್ದೇನು? 2000ರಲ್ಲಿ ಮೆಟ್ಸ್ ಅವನಿಗೆ 59 ಲಕ್ಷ ಕೊಡಬೇಕಿತ್ತು. ಈಗ ಬೇಡ, 8% ಬಡ್ಡಿ ಹಾಕಿ 2011ರಿಂದ 2035ರವರೆಗೆ 25 ಕಂತಿನಲ್ಲಿ ಕೊಡಿ ಅಂತ ಬೊನಿಯಾ ಕಡೆಯವರು ಒಪ್ಪಿಸಿದರು. ಒಟ್ಟು ಸುಮಾರು 2.98 ಕೋಟಿ ಆಗುತ್ತದೆ. "59 ಲಕ್ಷಕ್ಕೆ 3 ಕೋಟಿ" ಅಂತ ಬರೆದರೆ ಭಯಂಕರ ಕಾಣುತ್ತದೆ. 35 ವರ್ಷಕ್ಕೆ 8% ಅಂತ ಬರೆದರೆ ಅಷ್ಟೇನೂ ಕಾಣುವುದಿಲ್ಲ.

ಆ 59 ಲಕ್ಷ ಆ ವರ್ಷದ ಖರ್ಚಿಗೆ ಉಳಿಯಿತು. ಆ ಚಳಿಗಾಲದಲ್ಲೇ ಪಿಚ್ಚರ್ ಮೈಕ್ ಹ್ಯಾಂಪ್ಟನ್‌ನನ್ನು ತಂದರು. 2000ರಲ್ಲಿ ತಂಡ ವರ್ಲ್ಡ್ ಸೀರೀಸ್‌ಗೆ (ಲೀಗಿನ ಫೈನಲ್‌ಗೆ) ಹೋಯಿತು. ಮುಂದೆ ಹ್ಯಾಂಪ್ಟನ್ ಬಿಟ್ಟು ಹೋದದ್ದಕ್ಕೆ ಪರಿಹಾರವಾಗಿ ಹೊಸ ಹುಡುಗನೊಬ್ಬನನ್ನು ಆರಿಸಿಕೊಳ್ಳುವ ಅವಕಾಶ ಸಿಕ್ಕಿತು, ಅದರಲ್ಲೇ 2001ರಲ್ಲಿ ಡೇವಿಡ್ ರೈಟ್ ಬಂದ. ಆ ಹಣವೇ ಇದಕ್ಕೆ ಹೋಯಿತು ಅಂತ ರಸೀದಿ ತೋರಿಸಲು ಆಗುವುದಿಲ್ಲ, ನಿಜ. ಆದರೂ ನಗುವವರು ಇದನ್ನೆಲ್ಲ ಒಂದು ಸಾಲಾದರೂ ಹೇಳಬೇಕು ಅಲ್ವಾ?

ಲೆಕ್ಕದ ಮೇಷ್ಟ್ರು:
ಮೇಡಂ, ಒಂದು ತಿದ್ದುಪಡಿ. 8% ಆ ಕಾಲಕ್ಕೂ ಕಡಿಮೆ ಅಲ್ಲ, ಬೊನಿಯಾಗೆ ಒಳ್ಳೆಯದೇ ಆಯಿತು. ಮೆಟ್ಸ್ ಮಾಲೀಕರು ಒಪ್ಪಿದ್ದಕ್ಕೆ ಕಾರಣ, ಅವರ ಹಣ ಬರ್ನಿ ಮೇಡಾಫ್ ಹತ್ತಿರ ಇತ್ತು, ಅಲ್ಲಿ ಅದಕ್ಕಿಂತ ಜಾಸ್ತಿ ಬರುತ್ತಿದೆ ಅಂತ ನಂಬಿದ್ದರು. 2008ರಲ್ಲಿ ಅದು ಪೂರ್ತಿ ವಂಚನೆ ಅಂತ ಬಯಲಾಯಿತು. ತಪ್ಪು ನಡೆದದ್ದು ಹಣ ಹೂಡಿದ ಕಡೆ. ಕಂತಿನಲ್ಲಿ ಕೊಡುವ ಯೋಚನೆಯಲ್ಲಿ ತಪ್ಪಿಲ್ಲ.

ಜೆರ್ಸಿ ಗೌಡ್ತಿ:
ನಾನು ಹೇಳಿದ್ದೂ ಅದೇ ಮೇಷ್ಟ್ರೇ. ಜುಲೈ 1ರ ಕಾರ್ಯಕ್ರಮಗಳಲ್ಲಿ ಬಡ್ಡಿ ದರ ಎಷ್ಟು ಅಂತ ಹೇಳುವವರು ಎಷ್ಟು ಜನ?

ತುಮಕೂರು ತಿಂಡಿ:
ಸರಿ, ದೊಡ್ಡ ಮೊತ್ತ ಸುಳ್ಳು ಅಂತ ಒಪ್ಪೋಣ. ಆದರೆ ಕೆಟ್ಟ ಒಪ್ಪಂದಗಳು ಇಲ್ಲವೇ ಇಲ್ಲ ಅನ್ನುವಂತೆ ಮಾತಾಡಬೇಡಿ. ವಾಷಿಂಗ್ಟನ್ ನ್ಯಾಷನಲ್ಸ್ ತಂಡದ ಪಿಚ್ಚರ್ ಸ್ಟ್ರಾಸ್‌ಬರ್ಗ್ 7 ವರ್ಷಕ್ಕೆ 24.5 ಕೋಟಿ. ಆಮೇಲೆ ಆಡಿದ್ದು 8 ಪಂದ್ಯ, 31 ಇನಿಂಗ್ಸ್ ಚಿಲ್ಲರೆ. ಬ್ಯಾಟರ್ ಪುಹೋಲ್ಸ್ 10 ವರ್ಷಕ್ಕೆ 24 ಕೋಟಿ, ಕೊನೆಗೆ ಏಂಜೆಲ್ಸ್ ತಂಡ ಅವನನ್ನು ಮನೆಗೆ ಕಳಿಸಿತು. ಬೇಸ್‌ಬಾಲ್‌ನಲ್ಲಿ ಹಣ ಪೂರ್ತಿ ಗ್ಯಾರಂಟಿ, ಅಮೆರಿಕನ್ ಫುಟ್‌ಬಾಲ್ ಥರ ಮಧ್ಯದಲ್ಲಿ ಕೈ ತೊಳೆದುಕೊಳ್ಳಲು ಆಗುವುದಿಲ್ಲ. ಮಾಧ್ಯಮದವರು ಬಯ್ದರೆ ತಪ್ಪೇನು?

ಎಡಗೈ ಸ್ಪಿನ್:
ಬಯ್ಯುವುದು ತಪ್ಪಲ್ಲ. ಯಾವಾಗ ಬಯ್ಯುತ್ತಾರೆ ಅನ್ನುವುದು ನೋಡಿ. ಸ್ಟ್ರಾಸ್‌ಬರ್ಗ್ ಸಹಿ ಹಾಕಿದ್ದು 2019ರ ಡಿಸೆಂಬರ್‌ನಲ್ಲಿ, ವರ್ಲ್ಡ್ ಸೀರೀಸ್‌ನ ಶ್ರೇಷ್ಠ ಆಟಗಾರ ಆಗಿ ಎರಡು ತಿಂಗಳೂ ಆಗಿರಲಿಲ್ಲ. ಅವತ್ತು ಹೊಗಳಿದವರೇ ಇವತ್ತು "ಇತಿಹಾಸದ ಕೆಟ್ಟ ಒಪ್ಪಂದ" ಪಟ್ಟಿ ಮಾಡುತ್ತಾರೆ. ಪಿಚ್ಚರ್‌ನ ತೋಳು ಯಾವಾಗ ಬೇಕಾದರೂ ಹೋಗಬಹುದು ಅನ್ನುವುದು ಸಹಿಯ ದಿನವೇ ಬೆಲೆಯೊಳಗೆ ಇತ್ತು.

ಅದೇ ತಂಡ 2015ರಲ್ಲಿ ಶರ್ಜರ್‌ಗೆ 7 ವರ್ಷಕ್ಕೆ 21 ಕೋಟಿ ಕೊಟ್ಟಿತು. ಅದರಲ್ಲೂ ಅರ್ಧ ಮುಂದೂಡಿದ ಹಣ. ಅವನು 2016, 2017ರಲ್ಲಿ ಶ್ರೇಷ್ಠ ಪಿಚ್ಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದ, 2019ರಲ್ಲಿ ಕಪ್ ಗೆದ್ದುಕೊಟ್ಟ. ಎರಡೂ ಪಿಚ್ಚರ್‌ಗೆ ಕೊಟ್ಟ ಏಳು ವರ್ಷದ ಒಪ್ಪಂದ. ಒಂದು ಫಲ ಕೊಟ್ಟಿತು, ಇನ್ನೊಂದು ಕೊಡಲಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟು ಬರೆದವರು ಕಡಿಮೆ.

ಪುಹೋಲ್ಸ್ ವಿಷಯದಲ್ಲಿ ಇನ್ನೊಂದು. 32 ಆಗುತ್ತಿದ್ದವನಿಗೆ ಹತ್ತು ವರ್ಷ ಕೊಡುವಾಗ ಕೊನೆಯ ವರ್ಷಗಳು ಸಪ್ಪೆ ಆಗುತ್ತವೆ ಅಂತ ತಂಡಕ್ಕೂ ಗೊತ್ತಿರುತ್ತದೆ. ಅದೇ ಹೊತ್ತಿಗೆ ಏಂಜೆಲ್ಸ್‌ಗೆ 20 ವರ್ಷದ ದೊಡ್ಡ ಟಿವಿ ಒಪ್ಪಂದವೂ ಆಯಿತು. ಅಷ್ಟಾದರೂ ಅದು ದುಬಾರಿಯೇ, ನಾನು ಸಮರ್ಥಿಸುವುದಿಲ್ಲ.

ತುಮಕೂರು ತಿಂಡಿ:
ಕೊನೆಗೂ ಒಪ್ಪಿಕೊಂಡಿರಲ್ಲ, ಸಾಕು 🙂

ಬೇ ಏರಿಯಾ ಭಟ್ಟ:
ವರ್ಷ ಜಾಸ್ತಿ ಕೊಡುವುದೂ ಒಂದು ಲೆಕ್ಕವೇ. ಬ್ಯಾಟರ್ ಹಾರ್ಪರ್‌ಗೆ ಫಿಲ್ಲೀಸ್ ತಂಡದಿಂದ 13 ವರ್ಷಕ್ಕೆ 33 ಕೋಟಿ. ಹದಿಮೂರು ವರ್ಷವಾ ಅಂತ ಎಲ್ಲರೂ ಬಾಯಿ ಬಿಟ್ಟರು. ಆದರೆ ಟ್ಯಾಕ್ಸ್‌ಗೆ ಹಿಡಿಯುವುದು ವರ್ಷದ ಸರಾಸರಿ, ಅದು 2.54 ಕೋಟಿ. ಅದೇ ಹಣವನ್ನು ಹತ್ತು ವರ್ಷಕ್ಕೆ ಕೊಟ್ಟಿದ್ದರೆ 3.3 ಆಗುತ್ತಿತ್ತು. ಕೊನೆಯ ಮೂರು ವರ್ಷ ಇರುವುದು ಸರಾಸರಿ ಇಳಿಸಲು. ಅವನು 2021ರಲ್ಲಿ ಎಂವಿಪಿ (ವರ್ಷದ ಶ್ರೇಷ್ಠ ಆಟಗಾರ) ಆದ, 2022ರಲ್ಲಿ ತಂಡವನ್ನು ವರ್ಲ್ಡ್ ಸೀರೀಸ್‌ವರೆಗೆ ಕರೆದುಕೊಂಡು ಹೋದ.

ಮಲ್ನಾಡ್ ಮಳೆ:
ಎಲ್ಲರೂ ದೊಡ್ಡ ಒಪ್ಪಂದಗಳ ಬಗ್ಗೆಯೇ ಮಾತಾಡುತ್ತಿದ್ದೀರಿ. ನನಗೆ ಸಿಟ್ಟು ಬರುವುದು ಇನ್ನೊಂದು ಕಡೆಗೆ. ಕಡಿಮೆ ಸಂಬಳದವರ ಬಗ್ಗೆ ಯಾರೂ ಬರೆಯುವುದಿಲ್ಲ.

ಇದೇ ಒಹ್ತಾನಿ 2018ರಲ್ಲಿ ಜಪಾನಿನಿಂದ ಬಂದಾಗ 25 ತುಂಬಿರಲಿಲ್ಲ. ಹಾಗಾಗಿ ನಿಯಮದ ಪ್ರಕಾರ ಅವನಿಗೆ ಸಿಕ್ಕಿದ್ದು ಸಣ್ಣ ಬೋನಸ್ ಮತ್ತು ಲೀಗಿನ ಕನಿಷ್ಠ ಸಂಬಳ 5.45 ಲಕ್ಷ. 2021ರಲ್ಲಿ ಒಂದು ಮತವೂ ತಪ್ಪದೆ ಎಂವಿಪಿ ಆದ. ಆ ವರ್ಷ ಸಂಬಳ 30 ಲಕ್ಷ. ಆ ವರ್ಷ ಅವನು ಆಡಿದ ಆಟಕ್ಕೆ ಮಾರುಕಟ್ಟೆ ಬೆಲೆ ಎಷ್ಟು ಇರುತ್ತಿತ್ತು, ಊಹಿಸಿ.

ಈ ಆಟದಲ್ಲಿ ಆರು ವರ್ಷ ಸೇವೆ ಮುಗಿಯುವವರೆಗೆ ಆಟಗಾರ ಬೇರೆ ತಂಡಕ್ಕೆ ತನ್ನನ್ನು ಮಾರಿಕೊಳ್ಳುವಂತಿಲ್ಲ. ಮೊದಲ ಮೂರು ವರ್ಷ ತಂಡ ಕೊಟ್ಟಷ್ಟು ತೆಗೆದುಕೊಳ್ಳಬೇಕು. 2025ರಲ್ಲಿ ಕನಿಷ್ಠ ಸಂಬಳ 7.6 ಲಕ್ಷ. ಆಮೇಲೆ ಸಂಬಳ ತೀರ್ಮಾನಿಸುವ ಪಂಚಾಯ್ತಿಯಲ್ಲಿ (ಮಧ್ಯಸ್ಥಿಕೆಯಲ್ಲಿ) ಸ್ವಲ್ಪ ಏರುತ್ತದೆ. 2015ರಲ್ಲಿ ಕಬ್ಸ್ ತಂಡ ಕ್ರಿಸ್ ಬ್ರಯಂಟ್‌ನನ್ನು ಸೀಸನ್ ಶುರುವಿನಲ್ಲಿ ಕೆಳಗಿನ ಲೀಗ್‌ನಲ್ಲೇ ಇಟ್ಟುಕೊಂಡಿತು. ಪೂರ್ತಿ ವರ್ಷ ಅಂತ ಲೆಕ್ಕಕ್ಕೆ ಬರಲು 172 ದಿನ ಬೇಕು, ಅವನಿಗೆ ಆದದ್ದು 171. ಒಂದು ದಿನಕ್ಕೆ ಅವನ ಸ್ವಾತಂತ್ರ್ಯ ಒಂದು ವರ್ಷ ಮುಂದಕ್ಕೆ ಹೋಯಿತು. ದೂರು ಕೊಟ್ಟ, 2020ರಲ್ಲಿ ಅದೂ ಸೋತ.

ಬ್ರೇವ್ಸ್ ತಂಡದ ಆಲ್ಬೀಸ್ 2019ರಲ್ಲಿ 7 ವರ್ಷಕ್ಕೆ ಬರೀ 3.5 ಕೋಟಿಗೆ ಸಹಿ ಹಾಕಿದ. ಅದನ್ನು "ತಂಡದ ಜಾಣತನ" ಅಂತ ಹೊಗಳುತ್ತಾರೆ. 30 ದಾಟಿದವನಿಗೆ ಜಾಸ್ತಿ ಕೊಟ್ಟರೆ ಆಟಗಾರನ ದುರಾಸೆ. ಎರಡನ್ನೂ ಕೂಡಿಸಿ ನೋಡಿದರೆ ತಾನೇ ಪೂರ್ತಿ ಚಿತ್ರ ಸಿಗುವುದು? ತಂಡಗಳು ಮೊದಲ ಆರು ವರ್ಷ ಉಳಿಸಿದ ಹಣವೇ ಆಮೇಲೆ ಬೇರೆಯವರ ಜೇಬಿಗೆ ಹೋಗುತ್ತದೆ.

ಪೇಪರ್ ಮನುಷ್ಯ:
ತುಂಬಾ ಸರಿಯಾದ ಮಾತು. ಆಲ್ಬೀಸ್ ವಿಷಯದಲ್ಲಿ ಮಾತ್ರ ಕೆಲವು ಬರಹಗಾರರು ಅವತ್ತೇ ಗಟ್ಟಿಯಾಗಿ ಟೀಕಿಸಿದರು, ಅದನ್ನೂ ಹೇಳಬೇಕು.

ಆರ್‌ಸಿಬಿ ಭಕ್ತ:
ನಮ್ಮ ಪಾಟೀದಾರ್ ಕಥೆಯೂ ಇದೇ ಅಲ್ವಾ! 2022ರ ಹರಾಜಿನಲ್ಲಿ ಯಾರೂ ಕೊಳ್ಳಲಿಲ್ಲ. ಗಾಯಗೊಂಡವನ ಬದಲಿಗೆ 20 ಲಕ್ಷಕ್ಕೆ ಬಂದು ಎಲಿಮಿನೇಟರ್‌ನಲ್ಲಿ ಲಖನೌ ಮೇಲೆ 112 ಹೊಡೆದ. 2025ಕ್ಕೆ 11 ಕೋಟಿ, ಕ್ಯಾಪ್ಟನ್, ಕಪ್!

ಮೈಸೂರ್ ಪಾಕ್:
ಐಪಿಎಲ್‌ನಲ್ಲೂ ಮಾಧ್ಯಮದವರು ಇದನ್ನೇ ಮಾಡುತ್ತಾರೆ. 2024ರಲ್ಲಿ ಸ್ಟಾರ್ಕ್‌ಗೆ 24.75 ಕೋಟಿ ರೂಪಾಯಿ. ಶುರುವಿನಲ್ಲಿ ಹೊಡೆಸಿಕೊಂಡಾಗ ಒಂದು ಬಾಲ್‌ಗೆ ಎಷ್ಟು ಲಕ್ಷ ಬಿತ್ತು ಅಂತ ದಿನಾ ಲೆಕ್ಕ. ಕ್ವಾಲಿಫೈಯರ್ ಮತ್ತು ಫೈನಲ್ ಎರಡರಲ್ಲೂ ಪಂದ್ಯಶ್ರೇಷ್ಠ ಆದ ಮೇಲೆ ಆ ಲೆಕ್ಕ ನಿಂತಿತು.

ಎಡಗೈ ಸ್ಪಿನ್:
ಸೋಟೊಗೂ ಹಾಗೇ ಆಯಿತು. 2025ರ ಮೇ ತಿಂಗಳಲ್ಲಿ "76 ಕೋಟಿ ನೀರಿಗೆ" ಅನ್ನುವ ಧಾಟಿ. ಸೀಸನ್ ಮುಗಿದಾಗ 43 ಹೋಮ್ ರನ್, 38 ಬೇಸ್ ಕದ್ದಿದ್ದ. 15 ವರ್ಷದ ಒಪ್ಪಂದಕ್ಕೆ ಎರಡು ತಿಂಗಳಲ್ಲಿ ತೀರ್ಪು!

ಕ್ವೀನ್ಸ್ ಕನ್ನಡಿಗ:
ಮೆಟ್ಸ್ ಪ್ಲೇ ಆಫ್‌ಗೆ ಹೋಗಲಿಲ್ಲ ಅನ್ನುವುದು ಬೇರೆ ನೋವು, ಅದನ್ನು ಕೆದಕಬೇಡಿ. ಐಪಿಎಲ್ ಮಾತು ಸಾಕು, ದಯವಿಟ್ಟು ವಿಷಯಕ್ಕೆ ಬನ್ನಿ.

ಲೆಕ್ಕದ ಮೇಷ್ಟ್ರು:
ಸುಮ್ನೆ ಒಂದು ಹಳೇ ಉದಾಹರಣೆ. 1980ರ ಕೊನೆಗೆ ಯಾಂಕೀಸ್ ಡೇವ್ ವಿನ್‌ಫೀಲ್ಡ್‌ಗೆ 10 ವರ್ಷದ ಒಪ್ಪಂದ ಕೊಟ್ಟಾಗ ಸುಮಾರು 1.6 ಕೋಟಿ ಡಾಲರ್ ಅಂದುಕೊಂಡರು. ಅದರಲ್ಲಿ ಬೆಲೆ ಏರಿದಂತೆ ಸಂಬಳ ಏರುವ ಷರತ್ತು ಇತ್ತು. ಅದನ್ನು ಸೇರಿಸಿದರೆ 2.3 ಕೋಟಿವರೆಗೆ ಹೋಗುತ್ತಿತ್ತು. ಮಾಲೀಕ ಸ್ಟೈನ್‌ಬ್ರೆನರ್‌ಗೇ ಅದು ಸರಿಯಾಗಿ ಅರ್ಥ ಆಗಿರಲಿಲ್ಲ. ಆಮೇಲೆ ಇಬ್ಬರಿಗೂ ವರ್ಷಗಟ್ಟಲೆ ಜಗಳ. ಷರತ್ತು ಓದದೆ ಮೊತ್ತ ಮಾತ್ರ ನೋಡುವ ಅಭ್ಯಾಸ ಇವತ್ತಿನದಲ್ಲ.

ಡಾಡ್ಜರ್ ನೀಲಿ:
ಷರತ್ತು ಅಂದರೆ ಸೋಟೊದಲ್ಲೂ ಇದೆ. 2029 ಮುಗಿದ ಮೇಲೆ ಅವನು ಬಿಟ್ಟು ಹೋಗಬಹುದು. ಮೆಟ್ಸ್ ಉಳಿದ ಹತ್ತು ವರ್ಷಕ್ಕೂ ವರ್ಷಕ್ಕೆ 40 ಲಕ್ಷ ಜಾಸ್ತಿ ಕೊಟ್ಟರೆ ಆ ಹಕ್ಕು ರದ್ದು. ಆಗ ಒಟ್ಟು 80.5 ಕೋಟಿ. ಅಂದರೆ 76.5 ಅನ್ನುವುದೂ ಗಟ್ಟಿ ಅಂಕಿ ಅಲ್ಲ. ಐದು ವರ್ಷಕ್ಕೆ ಮುಗಿಯಬಹುದು, 80 ದಾಟಲೂಬಹುದು.

ಬೇ ಏರಿಯಾ ಭಟ್ಟ:
ತೆರಿಗೆಯನ್ನೂ ಮರೆಯಬೇಡಿ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಆದಾಯ ತೆರಿಗೆ ಮೇಲಿನ ಹಂತದಲ್ಲಿ 13.3%. ಟೆಕ್ಸಸ್, ಫ್ಲಾರಿಡಾದಲ್ಲಿ ಸೊನ್ನೆ. ಒಹ್ತಾನಿ 2034ರ ಹೊತ್ತಿಗೆ ರಾಜ್ಯ ಬಿಟ್ಟು ಹೋದರೆ, ಹತ್ತು ವರ್ಷ ಸಮ ಕಂತಿನಲ್ಲಿ ಬರುವ ಆ 68 ಕೋಟಿಗೆ ಇಲ್ಲಿ ತೆರಿಗೆ ಕಟ್ಟಬೇಕಾಗದೇ ಇರಬಹುದು. 1996ರ ಕೇಂದ್ರ ಕಾನೂನು ಹಾಗಿದೆ. 2024ರ ಜನವರಿಯಲ್ಲಿ ರಾಜ್ಯದ ಕಂಟ್ರೋಲರ್ (ಹಣಕಾಸು ಅಧಿಕಾರಿ) ಈ ನಿಯಮ ಬದಲಿಸಿ ಅಂತ ಅಮೆರಿಕದ ಕಾಂಗ್ರೆಸ್ಸನ್ನು (ಸಂಸತ್ತನ್ನು) ಕೇಳಿದರು. ಹಾಗಾಗಿ ಮೇಷ್ಟ್ರ 36-37 ಕೋಟಿ ತಂಡದ ಖರ್ಚಿನ ಲೆಕ್ಕ. ಒಹ್ತಾನಿಯ ಕೈಗೆ ಉಳಿಯುವ ಲೆಕ್ಕ ಮಾಡಿದರೆ ಅಂತರ ಸ್ವಲ್ಪ ಕಡಿಮೆಯಾಗುತ್ತದೆ.

ಲೆಕ್ಕದ ಮೇಷ್ಟ್ರು:
ಭಟ್ಟರೇ, ಒಳ್ಳೆಯ ಅಂಶ. ಆದರೂ 20 ಕೋಟಿಯ ಅಂತರ ಮುಚ್ಚುವಷ್ಟಿಲ್ಲ.

ತುಮಕೂರು ತಿಂಡಿ:
ನನ್ನ ಪ್ರಕಾರ ಈ ಮುಂದೂಡುವ ಆಟವನ್ನೇ ನಿಲ್ಲಿಸಬೇಕು. ಆಟಗಾರರ ಮತ್ತು ಲೀಗಿನ ಈಗಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಹೊಸದರಲ್ಲಿ ಒಂದು ಮಿತಿ ಹಾಕಲಿ. ಆಗ ಹೆಡ್‌ಲೈನ್ ತಾನಾಗಿಯೇ ಸರಿಯಾಗುತ್ತದೆ.

ಮಲ್ನಾಡ್ ಮಳೆ:
ಮಿತಿ ಹಾಕಬೇಕಾದ್ದು ಅಲ್ಲಿ ಅಲ್ಲ. ಮೊದಲ ಮೂರು ವರ್ಷದ ಸಂಬಳ ಏರಿಸಲಿ. ಒಹ್ತಾನಿ ತನ್ನ ಹಣ ಯಾವಾಗ ಬೇಕು ಅಂತ ತಾನೇ ಆರಿಸಿಕೊಂಡ. 23ರ ಹುಡುಗನಿಗೆ ಆ ಆಯ್ಕೆಯೇ ಇಲ್ಲ.

ತುಮಕೂರು ತಿಂಡಿ:
ಎರಡೂ ಮಾಡಲಿ ಅಂದರೆ ಒಪ್ಪುತ್ತೀರಾ?

ಮಲ್ನಾಡ್ ಮಳೆ:
ಸಂಬಳ ಮೊದಲು. ಆಮೇಲೆ ನಿಮ್ಮ ಮಿತಿಯ ಮಾತು ಆಡೋಣ.